ಸಾವಿತ್ರೆವ್ವನ ತವರಿನ ಅಡ್ಡಹೆಸರು

ನಮ್ಮ ಕಡೆ ಅಡ್ಡಹೆಸರಿಗೇನು ಬರಗಾಲವಿಲ್ಲ. ಉಳ್ಳಾಗಡ್ಡಿ ಎಂಬ ಅಡ್ಡಹೆಸರಿನವರಿದ್ದಾರೆ, ಮೆಣಸಿನಕಾಯಿ ಎಂಬವರಿದ್ದಾರೆ, ಎಣ್ಣಿ, ಬೆಲ್ಲದ, ಹಗ್ಗದ, ಎಲ್ಲರೂ ಇದ್ದಾರೆ. ಯಾರೂ ನಗುವುದಿಲ್ಲ. ಉಳ್ಳಾಗಡ್ಡಿಯವರ ಹುಡುಗ ಮೆಣಸಿನಕಾಯಿಯವರ ಹುಡುಗಿಯನ್ನು ಮಾಡಿಕೊಂಡಾಗ ಮಾತ್ರ ಮದುವೆಯ ಪಂಕ್ತಿಯಲ್ಲಿ ‘ಇನ್ನ ಉಪ್ಪಿನವರೊಬ್ಬರು ಬಂದ್ರ ಚಟ್ನಿ ಆತು ನೋಡ್ರಿ’ ಎಂದು ಯಾರೋ ಚ್ಯಾಷ್ಟಿ ಮಾಡುತ್ತಾರೆ, ಅಷ್ಟೇ. ಆದರೆ ಸಾವಿತ್ರೆವ್ವನ ತವರಿನ ಅಡ್ಡಹೆಸರು ಫಿತೂರಿ. ಫಿತೂರಿ ಎಂದರೆ ಏನೆಂದು ನಮ್ಮ ಕಡೆ ಕೂಸಿಗೂ ಬಿಡಿಸಿ ಹೇಳಬೇಕಾಗಿಲ್ಲ. ಉಂಡ ಮನೆಯ ಜಂತಿ ಎಣಿಸುವುದು. ಒಳಗಿನವನಾಗಿದ್ದುಕೊಂಡು ಹೊರಗಿನವನಿಗೆ ಅಗಳಿ ತೆಗೆಯುವುದು. ಅಂಥ ಹೆಸರನ್ನು ಸಾಲಿಯ ಹಾಜರಿ ಪುಸ್ತಕದಲ್ಲಿ ದಿನಾ ಮುಂಜಾನೆ ಕೂಗಿಸಿಕೊಂಡವರಿಗೇ ಗೊತ್ತು ಅದರ ರುಚಿ.

ಸಂಪಗಾಂವದಿಂದ ಒಂದು ಹರದಾರಿ ಆಚೆಗೆ ಅತ್ತಿಕೊಪ್ಪ ಎಂಬ ಹಳ್ಳಿ. ಅಲ್ಲಿ ಕಟ್ಟೆಯ ಮೇಲೆ ಕೂತ ಯಾರನ್ನು ಕೇಳಿದರೂ ಕಥೆ ಒಂದೇ. ಕುಂಪಣಿ ಸರಕಾರದ ದಂಡು ಎರಡನೆಯ ಸಲ ಕಿತ್ತೂರಿನ ಮೇಲೆ ಬಂದಾಗ ಊರವರು ಕೋಟೆಯವರಿಗೆಂದು ಜೋಳವನ್ನು ಹಗೇವಿನಲ್ಲಿ ಬಚ್ಚಿಟ್ಟಿದ್ದರಂತೆ. ಹಗೇವು ಎಂದರೆ ನೆಲದ ಹೊಟ್ಟೆಯೊಳಗಿನ ಕಣಜ. ಬಾಯಿಗೆ ಕಲ್ಲು ಮುಚ್ಚಿ ಮೇಲೆ ಮಣ್ಣೆಳೆದರೆ ಅದರ ಮೇಲೇ ನಡೆದಾಡುವವನಿಗೂ ಗೊತ್ತಾಗದು. ಆ ಹಗೇವು ಕಾಯುವವನು ಬಾಳಪ್ಪ. ಅವನೇ ಕುಂಪಣಿಯ ಮಂದಿಯನ್ನು ಕರೆದುಕೊಂಡು ಹೋಗಿ ಹಗೇವು ತೋರಿಸಿದ, ಕೋಟೆಯವರು ಉಪವಾಸ ಬಿದ್ದರು. ಅಂದಿನಿಂದ ಬಾಳಪ್ಪನ ಮನೆತನದವರು ಫಿತೂರಿಯವರಾದರು.

ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ಊರು ಆಡಿಕೊಂಡಿತು, ಅದು ಊರಿನ ಉದ್ಯೋಗ. ಆಶ್ಚರ್ಯವೆಂದರೆ ಆ ಕಥೆಯನ್ನು ಊರಿಗಿಂತ ಗಟ್ಟಿಯಾಗಿ ನಂಬಿದವರು ಆ ಮನೆಯವರೇ. ಸಾವಿತ್ರೆವ್ವನ ಅಜ್ಜಿ ತಾಯವ್ವ ಹೇಳುವಾಗ ಊರ ಕಥೆಯಲ್ಲಿ ಇಲ್ಲದ್ದೂ ಇರುತ್ತಿತ್ತು. ಬಂದ ಸಿಪಾಯಿಗಳು ಮೂವರು, ಒಬ್ಬನ ಕುದುರೆ ಕುಂಟುತ್ತಿತ್ತು, ಬಾಳಪ್ಪಜ್ಜನ ಮೈಯಲ್ಲಿ ಜ್ವರ ಇತ್ತು, ಹಗೇವು ತೋರಿಸಿದ್ದು ಬಲಗೈಯ ಈ ಬೆರಳಿನಿಂದ ಎಂದು ಅಜ್ಜಿ ತನ್ನ ತೋರುಬೆರಳನ್ನೇ ಎತ್ತಿ ಹಿಡಿಯುತ್ತಿದ್ದಳು. ಯಾರೂ ನೋಡಿರದ ಬೆರಳನ್ನು ಆ ಮನೆ ಐದಾರು ತಲೆಮಾರು ಕಣ್ಣಾರೆ ಕಂಡಂತೆ ಹೇಳಿಕೊಂಡು ಬಂತು. ಸಣ್ಣ ಸಾವಿತ್ರಿಗೆ ಆ ಬೆರಳು ಕನಸಿನಲ್ಲೂ ಬರುತ್ತಿತ್ತು.

ತಪ್ಪು ಮಾಡಿದವರು ತಲೆ ತಗ್ಗಿಸಿ ನಡೆಯಬೇಕು ಎಂಬುದು ಆ ಮನೆಯ ರೀತಿ. ಗಂಡಸರು ಊರ ಕಟ್ಟೆ ಹತ್ತುತ್ತಿರಲಿಲ್ಲ, ಪಂಚರು ಕೂತಲ್ಲಿ ಮಾತಾಡುತ್ತಿರಲಿಲ್ಲ. ಹೆಂಗಸರು ದಿನಾ ಸುಡುವ ಮೊದಲ ರೊಟ್ಟಿಯನ್ನು ಬುಟ್ಟಿಗೆ ಹಾಕದೆ ಬೇರೆ ಇಡುತ್ತಿದ್ದರು. ಅದು ‘ಕಿತ್ತೂರ ಮಂದೀದು’. ಹಸಿದು ಬಾಗಿಲಿಗೆ ಬಂದವರಿಗೆ ಅದು. ಯಾರೂ ಬರದ ದಿನ ದನದ ಬಾಯಿಗೆ. ಮನೆಯಲ್ಲಿ ಜೋಳ ತೀರಿ ಮಕ್ಕಳು ಅಂಬಲಿ ಕುಡಿದ ದಿನಗಳಲ್ಲೂ ಆ ಒಂದು ರೊಟ್ಟಿಯ ಹಿಟ್ಟು ಎಲ್ಲಿಂದಲೋ ಹುಟ್ಟುತ್ತಿತ್ತು. ಊರಲ್ಲಿ ಇಷ್ಟು ಒಳ್ಳೆಯ ಮಂದಿ ಇನ್ನಾವ ಮನೆಯಲ್ಲೂ ಇರಲಿಲ್ಲ ಎಂದು ನಾನಾದರೂ ಹೇಳುತ್ತೇನೆ. ಆದರೆ ಒಳ್ಳೆಯತನಕ್ಕೂ ಒಂದು ಮಿತಿ ಇರಬೇಕು. ಸಾವಿತ್ರೆವ್ವನ ಅಪ್ಪ ಹನುಮಪ್ಪನಿಗೆ ಅದು ಇರಲಿಲ್ಲ.

ಮೂವತ್ತೊಂದು ವರ್ಷದ ಹಿಂದಿನ ಮಾತು. ಸಾವಿತ್ರೆವ್ವ ಆಗ ಮುನವಳ್ಳಿಯ ಗಂಡನ ಮನೆಯಿಂದ ಗಂಡನನ್ನು ಕಳೆದುಕೊಂಡು ತವರಿಗೆ ಬಂದು ಮೂರು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ತಾಯಿ ಮೊದಲೇ ತೀರಿದ್ದಳು. ತನಗಿಂತ ಐದು ವರ್ಷ ಸಣ್ಣವನಾದ ತಮ್ಮ ಸುಭಾಸನನ್ನು ಎತ್ತಿ ಆಡಿಸಿದವಳು ಇವಳೇ, ಅವನ ಲಗ್ನದ ಓಡಾಟವನ್ನೂ ತಲೆಯ ಮೇಲೆ ಹೊತ್ತಳು. ಮುರಗೋಡದ ಕಡೆಯಿಂದ ಒಂದು ಸಂಬಂಧ ಕುದುರಿತು. ಹುಡುಗಿ ಒಪ್ಪಿದಳು, ಸುಭಾಸ ಒಪ್ಪಿದ, ಬೀಗರು ನಿಶ್ಚಯಕ್ಕೆ ಬಂದು ಕೂತರು. ಚಹಾ ಕುಡಿಯುತ್ತ ಹುಡುಗಿಯ ಸೋದರಮಾವ ಸುಮ್ಮನೆ ಒಂದು ಮಾತಿಗೆ, “ಹೌದೂ, ನಿಮ್ಮ ಅಡ್ಡಹೆಸರು ಹೀಂಗ್ಯಾಕ್ರಿ?” ಎಂದ.

ಬೇರೆ ಯಾರಾದರೂ ಆಗಿದ್ದರೆ, ಏನೋ ಹಿರಿಯರ ಕಾಲದ್ದು ಬಿಡ್ರಿ, ಎಂದು ಮತ್ತೊಂದು ಬಸಿ ಚಹಾ ಸುರಿಯುತ್ತಿದ್ದರು. ಹನುಮಪ್ಪ ಬಸಿ ಕೆಳಗಿಟ್ಟ. ಸುಳ್ಳು ಹೇಳಿ ಸಂಬಂಧ ಬೆಳೆಸಬಾರದು ಎಂದು ಕೈ ಮುಗಿದು, ಕುದುರೆ ಕುಂಟಿದ್ದರಿಂದ ಹಿಡಿದು ಬೆರಳು ಎತ್ತಿದವರೆಗೆ ಎಲ್ಲವನ್ನೂ ಹೇಳಿಬಿಟ್ಟ. ಅಷ್ಟು ಚೆಂದಾಗಿ ಅಜ್ಜಿಯೂ ಹೇಳಿರಲಿಕ್ಕಿಲ್ಲ. ಬೀಗರು ಒಬ್ಬರ ಮುಖ ಒಬ್ಬರು ನೋಡಿದರು. ‘ವಿಚಾರ ಮಾಡಿ ಹೇಳತೇವ್ರಿ’ ಎಂದು ಎದ್ದರು. ಆ ವಿಚಾರ ಇನ್ನೂ ಮುಗಿದಿಲ್ಲ.

ಅಂದು ಸುಭಾಸ ಅಂಗಳದಲ್ಲಿ ನಿಂತು ಕೂಗಿದ. “ಯಾರ ನೋಡ್ಯಾರ? ಅಂವ ಬೆರಳ ಎತ್ತಿದ್ದನ್ನ ನಿಮ್ಮಾಗ ಯಾರ ನೋಡೀರಿ? ಅಜ್ಜಿ ನೋಡಿದ್ಲಾ, ಅಜ್ಜಿ ಅಜ್ಜಿ ನೋಡಿದ್ಲಾ?” ಅವನು ಅಕ್ಕನ ಕಡೆ ತಿರುಗಿದ. “ನೀ ಹೇಳಕ್ಕಾ. ನೀನರ ಹೇಳು, ಇದು ಸುಳ್ಳಂತ.”

ಸಾವಿತ್ರೆವ್ವ ಅಪ್ಪನ ಮುಖ ನೋಡಿದಳು. ಅವಳು ತವರಿನ ಅನ್ನ ಉಣ್ಣುತ್ತಿದ್ದ ವಿಧವೆ, ಅಪ್ಪನ ಕಡೆ ನಿಲ್ಲಬೇಕಾಯಿತು ಎಂದು ಈಗ ಯಾರಾದರೂ ಅನ್ನಬಹುದು. ಅದು ಪೂರ್ತಿ ಖರೆಯಲ್ಲ. ಅವಳಿಗೆ ಸಿಟ್ಟು ಬಂದಿತ್ತು. ತಾನು ಇಷ್ಟು ವರ್ಷ ತಗ್ಗಿಸಿದ ತಲೆಯನ್ನು ಇವನು ಒಂದು ಹುಡುಗಿಗಾಗಿ ಎತ್ತಲು ಹೊರಟನಲ್ಲ ಎಂಬ ಸಿಟ್ಟು. “ಹಿರ್ಯಾರು ಸುಳ್ಳು ಹೇಳತಾರೇನೋ? ಅಪ್ಪನ ಎದುರು ಕೈ ಮಾಡಿ ಮಾತಾಡ್ತಿ. ಬಾಳಪ್ಪಜ್ಜನ ರಕ್ತ ಎಲ್ಲಿ ಐತಿ ಅಂತ ಈಗ ಗೊತ್ತಾತು. ಈ ಮನ್ಯಾಗ ಖರೇ ಫಿತೂರಿ ಅಂದ್ರ ನೀನ ನೋಡು,” ಎಂದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸುಭಾಸ ಒಳಗೆ ಹೋಗಿ ಎರಡು ಅಂಗಿ ಚೀಲಕ್ಕೆ ತುರುಕಿಕೊಂಡು ಹೊರಬಿದ್ದ. ರಾಮದುರ್ಗದಲ್ಲಿ ಮಗ್ಗ ನೇಯುವವರ ಹತ್ತಿರ ಕೆಲಸಕ್ಕೆ ನಿಂತನೆಂದು ಸುದ್ದಿ ಬಂತು. ಅಲ್ಲೇ ಲಗ್ನವಾದನೆಂದೂ ಬಂತು. ಹನ್ನೊಂದು ವರ್ಷದ ಮೇಲೆ ಹನುಮಪ್ಪ ತೀರಿಕೊಂಡಾಗ ಹೇಳಿ ಕಳಿಸಿದರು. ಬರಲಿಲ್ಲ. ಪಾಲಿನ ಮೂರೆಕರೆ ಹೊಲ ಲಾವಣಿಗೆ, ಎಂದರೆ ಗುತ್ತಿಗೆಗೆ, ಹಾಕಿ ಸಾವಿತ್ರೆವ್ವ ಬೈಲಹೊಂಗಲಕ್ಕೆ ಬಂದಳು. ಬಸ್ ಸ್ಟ್ಯಾಂಡಿನ ಹಿಂದೆ ದೇವಕ್ಕ ಎಂಬ ಗಟ್ಟಿಗಿತ್ತಿ ನಡೆಸುವ ಖಾನಾವಳಿಯಲ್ಲಿ ರೊಟ್ಟಿ ಬಡಿಯಲು ಕೂತವಳು ಇಪ್ಪತ್ತು ವರ್ಷದಿಂದ ಅಲ್ಲೇ ಕೂತಿದ್ದಾಳೆ. ಈಗ ಅರವತ್ತು ದಾಟಿದೆ. ದಿನಕ್ಕೆ ಮುನ್ನೂರು ರೊಟ್ಟಿ. ಹೊಗೆಗೆ ಕಣ್ಣು ಉರಿಯುವುದಿಲ್ಲ, ಹಂಚಿಗೆ ಬೆರಳು ಸುಡುವುದಿಲ್ಲ. ಅಪ್ಪ ಸತ್ತಾಗ ಅತ್ತಿದ್ದೇ ಕಡೆ, ಆಮೇಲೆ ಅವಳಿಗೆ ಅಳುವೂ ಬಂದಿಲ್ಲ, ನಗುವೂ ಅಷ್ಟಕ್ಕಷ್ಟೇ. ‘ಸಾವಿತ್ರೆವ್ವ ಅಂದ್ರ ಗ್ವಾಡಿ ಇದ್ದಂಗ’ ಎಂದು ದೇವಕ್ಕ ಅನ್ನುತ್ತಾಳೆ, ಗೋಡೆ ಎಂದದ್ದನ್ನೂ ಅವಳು ಬೇಜಾರು ಮಾಡಿಕೊಳ್ಳುವುದಿಲ್ಲ. ಮೊದಲ ರೊಟ್ಟಿ ಮಾತ್ರ ಖಾನಾವಳಿಯಲ್ಲೂ ಬೇರೆ ಹೋಗುತ್ತದೆ. ಇಷ್ಟು ಕೆಲಸ ಮಾಡುವವಳು ಒಂದು ರೊಟ್ಟಿ ತೆಗೆದಿಟ್ಟರೆ ಯಾರು ಕೇಳುತ್ತಾರೆ?

ಕೇಳಿದವಳು ಶೈಲಶ್ರೀ. ಅಲ್ಲಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಹೆಣ್ಣುಮಗಳು, ಮಧ್ಯಾಹ್ನದ ಊಟ ಇಲ್ಲೇ. ಆ ರೊಟ್ಟಿ ಯಾರದೆಂದು ಒಂದು ದಿನ ಕೇಳಿದಳು. ಸಾವಿತ್ರೆವ್ವ ಅಪ್ಪನ ಮಗಳು, ಎಲ್ಲ ಹೇಳಿದಳು. ಕುದುರೆ, ಜ್ವರ, ಬೆರಳು. ತಮ್ಮನಿಗೆ ತಾನು ಅಂದ ಮಾತನ್ನೂ ಬಿಡಲಿಲ್ಲ. ಶೈಲಶ್ರೀ ಉಣ್ಣುವುದು ಬಿಟ್ಟು ಬರೆದುಕೊಂಡಳು. ಕಿತ್ತೂರಿನ ಗೆಲುವಿಗೆ ಇನ್ನೂರು ವರ್ಷವಾದ ನೆವದಲ್ಲಿ ಅತ್ತಿಕೊಪ್ಪದವರು ಊರಲ್ಲಿ ಒಂದು ಕಲ್ಲು ನಿಲ್ಲಿಸುತ್ತಿದ್ದರು, ಆ ಕಾಲದಲ್ಲಿ ಹೋರಾಡಿದ ಊರವರ ಹೆಸರು ಕೆತ್ತಿಸಲು. ಹೆಸರು ಹುಡುಕಿಕೊಡುವ ಕೆಲಸ ಇವಳ ಪಾಲಿಗೆ ಬಂದಿತ್ತು. ಹಳೆಯ ದಫ್ತರಗಳನ್ನು ಜಾಲಾಡಿದಳು. ಹಳೆಯ ಮರಾಠಿ ಬರವಣಿಗೆಯ ಮೋಡಿ ಲಿಪಿಯ ಕಾಗದ ಸಿಕ್ಕರೆ ಮುರಗೋಡದಲ್ಲಿರುವ ಬಸಯ್ಯ ಮಾಸ್ತರರ ಹತ್ತಿರ ಒಯ್ದು ಓದಿಸುತ್ತಿದ್ದಳು. ಐದಾರು ತಿಂಗಳ ಮೇಲೆ ಒಂದು ಮಧ್ಯಾಹ್ನ ಊಟದ ಹೊತ್ತಿಗಿಂತ ಮೊದಲೇ ಖಾನಾವಳಿಯ ಅಡಿಗೆಮನೆಗೆ ನುಗ್ಗಿದಳು.

“ಅವ್ವಾರ, ಕೈ ತೊಳಕೊಂಡು ಬರ್ರಿ. ಒಂದು ಮಾತು ಹೇಳೂದೈತಿ.”

“ಹಂಚಿನ ಮ್ಯಾಲೆ ರೊಟ್ಟಿ ಐತ್ರಿ ಬಾಯಾರ. ಅಲ್ಲಿಂದನ ಹೇಳ್ರಿ.”

ಶೈಲಶ್ರೀ ಝೆರಾಕ್ಸ್ ಹಾಳೆ ಬಿಚ್ಚಿ, ಬಸಯ್ಯ ಮಾಸ್ತರರು ಕನ್ನಡದಲ್ಲಿ ಬರೆದುಕೊಟ್ಟಿದ್ದನ್ನು ಓದಿದಳು. “ಮೌಜೆ ಅತ್ತಿಕೊಪ್ಪದ ಬಾಳಪ್ಪ ಬಿನ್ ಶಿದ್ದಪ್ಪ ಈತನಿಗೆ ಹಗೇವಿನ ಠಿಕಾಣಿ ಕೇಳಲಾಗಿ, ಹೇಳಲಿಲ್ಲ. ಮೂರು ದಿವಸ ಚಾವಡಿಯಲ್ಲಿ ಕೂಡಿಸಿ ಕೇಳಲಾಗಿ, ಹೇಳಲಿಲ್ಲ. ಈ ಸಬಬಿನಿಂದ ಸದರೀ ಅಸಾಮಿ ಫಿತೂರಿ. ಈತನ ಜಮೀನು ಜಪ್ತು ಮಾಡಲಾಗಿದೆ.”

ಸಾವಿತ್ರೆವ್ವ ರೊಟ್ಟಿ ಮಗುಚಿದಳು. ಸರಿಯಾದ ಹೊತ್ತಿಗೇ ಮಗುಚಿದಳು. “ಫಿತೂರಿ ಅಂತ ಅಲ್ಲೂ ಐತಲ್ರಿ ಮತ್ತ,” ಎಂದಳು.

“ಐತಿ. ಅನ್ನಾಂವ ಯಾರು ನೋಡ್ರಿ. ಕುಂಪಣಿ ಕಾರಕೂನ. ಕುಂಪಣಿ ಮಾತು ಕೇಳದಾಂವ ಕುಂಪಣಿಗೆ ಫಿತೂರಿ. ಸರಕಾರದ ಮ್ಯಾಲೆ ಎದ್ದವರಿಗೆಲ್ಲಾ ಅವರು ಹಂಗ ಬರೀತಿದ್ರು. ಬಾಳಪ್ಪಜ್ಜ ತೋರಿಸಿಲ್ಲ ಅವ್ವಾರ. ಮೂರು ದಿನ ಕುಂತಾನ, ಹೇಳಿಲ್ಲ. ವೈರಿ ಬೈದ ಬೈಗುಳ ಅದು. ಯಾರು ಬೈದ್ರು, ಯಾಕ ಬೈದ್ರು ಅನ್ನೂದು ಮಂದಿ ಮರತಾರ, ಬೈಗುಳ ಅಷ್ಟ ಉಳದೈತಿ. ಆಮ್ಯಾಲೆ ಆ ಶಬ್ದಕ್ಕ ತಕ್ಕಂಗ ಕಥಿ ಕಟ್ಯಾರ.”

“ಹೌದ್ರೆ?”

“ಹೌದ್ರಿ.”

“ಹಂಗಾರ ಹಗೇವು ತೋರಿಸಿದವರು ಯಾರ್ರಿ?”

“ಅದನ್ನ ಈ ಕಾಗದ ಹೇಳೂದಿಲ್ಲ. ಇದೂ ಒಬ್ಬಾಂವ ತನಗ ಕಂಡಷ್ಟು ಬರದದ್ದು. ಹಗೇವು ಅವರಿಗೆ ಸಿಕ್ಕಿತ್ತೋ ಇಲ್ಲೋ, ಅದೂ ಗೊತ್ತಿಲ್ಲ.”

ಶೈಲಶ್ರೀಯ ಕಣ್ಣಲ್ಲಿ ನೀರಿತ್ತು. ಸಾವಿತ್ರೆವ್ವ ಅವಳಿಗೆ ತಾಟು ಹಾಕಿ ಬಿಸಿ ರೊಟ್ಟಿ, ಝುಣಕ ಬಡಿಸಿದಳು, ಆಮೇಲೆ ಉಳಿದ ನೂರಾ ಎಂಬತ್ತು ರೊಟ್ಟಿ ಬಡಿದಳು. ಒಳಗೆ ಏನಾದರೂ ಆಗುತ್ತದೆಯೇ ಎಂದು ಕಾದಳು. ಸಂತೋಷ ಆಗಬೇಕಲ್ಲವೇ? ಎದೆ ಹಗುರಾಗಬೇಕಲ್ಲವೇ? ಏನೂ ಆಗಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ಒಸಡಿನಂತೆ, ಅಲ್ಲಿ ಏನೋ ಇದೆ ಎಂದು ಗೊತ್ತು, ಮುಟ್ಟಿದರೆ ಮಾತ್ರ ತಿಳಿಯದು.

ಮರುದಿನ ಮುಂಜಾನೆ ಮೊದಲ ರೊಟ್ಟಿ ಹಂಚಿನಿಂದ ಎದ್ದಿತು. ಕೈ ತಾನಾಗಿಯೇ ಅದನ್ನು ಆಚೆ ಇಟ್ಟಿತು. ಇಟ್ಟ ಮೇಲೆ ಅವಳು ಅದನ್ನೇ ನೋಡುತ್ತ ಕೂತಳು. ಇದು ಈಗ ಯಾರದು? ಕಿತ್ತೂರ ಮಂದಿಯ ಬಾಯಿಂದ ಈ ಮನೆತನ ಏನೂ ಕಸಿದಿರಲಿಲ್ಲವಂತೆ. ಹಾಗಾದರೆ ಅಂಬಲಿ ಕುಡಿದು ಮಲಗಿದ ದಿನ ತನ್ನ ಮತ್ತು ತಮ್ಮನ ಬಾಯಿಂದ ತಪ್ಪಿದ ರೊಟ್ಟಿಯನ್ನು ಯಾರು ತಿಂದರು? ಅದನ್ನು ಮುರಿದು ತಾನೇ ತಿಂದಳು. ಹುಟ್ಟಿದಾಗಿನಿಂದ ಮೊದಲ ಸಲ. ರುಚಿ ಉಳಿದ ರೊಟ್ಟಿಯಂತೆಯೇ ಇತ್ತು.

ಇತ್ತ ಅತ್ತಿಕೊಪ್ಪದಲ್ಲಿ, ಅಬ್ಬಬ್ಬಾ, ಏನು ಹೇಳಲಿ! ಇನ್ನೂರು ವರ್ಷದ ಕಥೆ ಎಂಟೇ ದಿನದಲ್ಲಿ ಮಗ್ಗುಲು ಬದಲಿಸಿ ಮಲಗಿತು. ಕಟ್ಟೆಯವರ ಮಾತಿನಲ್ಲಿ ಬಾಳಪ್ಪನನ್ನು ಚಾವಡಿಯಲ್ಲಿ ಕೂಡಿಸಿದ್ದು ಮೂರಲ್ಲ, ಒಂಬತ್ತು ದಿನ ಎಂದಾಯಿತು. ಅವನ ಕೈಗೆ ಬೇಡಿ ಬಂತು, ಎದೆಗೆ ಬಂದೂಕು ಬಂತು. ಕುಂಟುವ ಕುದುರೆ ಮಾತ್ರ ಹಾಗೇ ಉಳಿಯಿತು, ಈಗ ಅದನ್ನು ಕುಂಟಾಗಿಸಿದವನೇ ಬಾಳಪ್ಪ. ಕಲ್ಲಿನ ಕಮೀಟಿಯ ಹಿರಿಯ ಶಂಕರೆಪ್ಪ ಗೌಡರು ಕಾರು ಮಾಡಿಕೊಂಡು ಖಾನಾವಳಿಗೇ ಬಂದರು. ಸಾವಿತ್ರೆವ್ವ ಸೆರಗು ಸರಿ ಮಾಡಿಕೊಂಡು ಎದ್ದು ನಿಂತಳು.

“ಕುಂದರವ್ವಾ ಕುಂದರು, ನೀ ನಮ್ಮೂರ ಮಗಳು,” ಎಂದರು ಗೌಡರು. “ನಮ್ಮಜ್ಜ ಯಾವಾಗಲೂ ಅಂತಿದ್ದಾ, ಬಾಳಪ್ಪ ಅಂದ್ರ ಭಾಳ ಗಟ್ಟಿ ಗಂಡಸು ಅಂತ.”

ಆಗ ಒಂದು ಗಳಿಗೆ ಸಾವಿತ್ರೆವ್ವನೊಳಗೆ ಏನೋ ಚುರ್ ಎಂದಿತು. “ನಿಮ್ಮಜ್ಜಾರ ನಮ್ಮಪ್ಪನ್ನ ಕಟ್ಟಿ ಮ್ಯಾಲಿಂದ ಎಬ್ಬಿಸಿದ್ರಲ್ರಿ ಗೌಡ್ರ,” ಎಂದಳು. “ಸಣ್ಣ ಹುಡುಗ ಇದ್ದಾಗ, ತಿಳೀದ ಕುಂತಿದ್ನಂತ.”

ಗೌಡರು ಕೆಮ್ಮಿದರು. “ಆಗಿನ ಮಾತು ಈಗ್ಯಾಕವ್ವಾ. ಕಲ್ಲಿನ ಮ್ಯಾಲೆ ನಿಮ್ಮ ಬಾಳಪ್ಪಂದ ಮೊದಲನೇ ಹೆಸರು. ಬರೂ ಸೋಮವಾರ ಕಾರ್ಯಕ್ರಮ ಐತಿ. ಮನಿತನದ ಗಂಡಮಗ ಬಂದು ಪರದಿ ಸರಸಬೇಕು. ಸುಭಾಸನ್ನ ಕರಕೊಂಡು ಬಾ. ನಾವು ಫೋನ್ ಮಾಡಿದ್ವಿ, ಎತ್ತಲಿಲ್ಲ. ನೀ ಹೋದ್ರ ಬರತಾನ.”

ಸಿಟ್ಟು ಬಂದಷ್ಟೇ ಬೇಗ ಆರಿತು. ಕಲ್ಲು, ಪರದೆ, ಮೊದಲನೆಯ ಹೆಸರು ಯಾವುದೂ ಅವಳ ಕಿವಿಯಲ್ಲಿ ನಿಲ್ಲಲಿಲ್ಲ. ‘ನೀ ಹೋದ್ರ ಬರತಾನ’ ಎಂಬುದಷ್ಟು ನಿಂತಿತು. ಈ ಮೂವತ್ತೊಂದು ವರ್ಷ ಅವಳಿಗೆ ಬೇಕಾಗಿದ್ದದ್ದು ಒಂದೇ, ಸುಭಾಸ ಮತ್ತೆ ಬಂದು ಅಂಗಳದಲ್ಲಿ ನಿಂತು ಅಕ್ಕಾ ಎನ್ನಬೇಕು. ಹೋಗಲು ಒಂದು ನೆವ ಇರಲಿಲ್ಲ. ಈಗ ಸರಕಾರಿ ಕಾಗದವೇ ಸಿಕ್ಕಿತಲ್ಲ!

ಗುರುವಾರ ದೇವಕ್ಕನಿಗೆ ರಜೆ ಕೇಳಿದಳು. ಇಪ್ಪತ್ತು ವರ್ಷದಲ್ಲಿ ಕೇಳಿದ ನಾಲ್ಕನೆಯ ರಜೆ. ಮೂವತ್ತು ರೊಟ್ಟಿ, ಶೇಂಗಾ ಚಟ್ನಿ, ಒಂದು ಡಬ್ಬಿ ಎಣಗಾಯಿ ಕಟ್ಟಿಕೊಂಡು, ಝೆರಾಕ್ಸ್ ಹಾಳೆಯನ್ನು ಪ್ಲಾಸ್ಟಿಕ್ ಚೀಲದೊಳಗೆ ಇನ್ನೊಂದು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಸ್ಸು ಹತ್ತಿದಳು. ಆಧಾರ್ ಕಾರ್ಡು ತೋರಿಸಿದ್ದಕ್ಕೆ ಕಂಡಕ್ಟರ್ ಬಿಟ್ಟಿ ಟಿಕೇಟು ಹರಿದುಕೊಟ್ಟ. ಮುರಗೋಡ ದಾಟುವವರೆಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹತ್ತು ಸಲ ಆಡಿದಳು. ‘ತಮ್ಮಾ, ನೀ ಹೇಳಿದ್ದ ಖರೆ ಆತು. ನಾ ಅಂದದ್ದು ತಪ್ಪಾತು.’ ಸವದತ್ತಿಯಲ್ಲಿ ಬಸ್ಸು ಬದಲಿಸಿದಳು. ಆಮೇಲೆ ಮಾತುಗಳು ಸವೆದು ಹೋದವು, ಕಿಟಕಿಯಾಚೆ ಕಡಲಿ ಹೊಲಗಳನ್ನು ನೋಡುತ್ತ ಕೂತಳು. ಹೆದರಿಕೆಯೂ ಇರಲಿಲ್ಲ. ಹೆದರಿಕೆ ಇಲ್ಲದ್ದೇ ಅವಳಿಗೆ ಸ್ವಲ್ಪ ಹೆದರಿಕೆ ತಂದಿತು.

ರಾಮದುರ್ಗದಲ್ಲಿ ನೇಕಾರರ ಓಣಿ ಕೇಳಿಕೊಂಡು ನಡೆದಳು. ಚಹಾ ಅಂಗಡಿಯವನ ಹತ್ತಿರ “ಫಿತೂರಿ ಸುಭಾಸಂದು ಮನಿ ಎಲ್ಲಿ ಬರತೈತ್ರಿ?” ಎಂದಳು.

“ಏನಂದ್ರಿ? ಫಿತೂರಿ? ಅಂಥಾ ಹೆಸರಿನವರು ಯಾರೂ ಇಲ್ರೀ ಯವ್ವಾ.” ಅವನು ತಲೆ ಕೆರೆದುಕೊಂಡ. “ಅತ್ತಿಕೊಪ್ಪ ಸುಭಾಸ ಅಂತ ಒಬ್ಬಾಂವ ಅದಾನ. ಆ ಬೇವಿನ ಗಿಡದ ಮುಂದಿನ ಮನಿ.”

ಅಡ್ಡಹೆಸರು ಬಿಟ್ಟಿದ್ದ, ಊರ ಹೆಸರನ್ನು ಅದರ ಜಾಗದಲ್ಲಿ ಇಟ್ಟುಕೊಂಡಿದ್ದ. ಸಾವಿತ್ರೆವ್ವ ಬೇವಿನ ಗಿಡದ ಕಡೆ ನಡೆದಳು.

ಬಾಗಿಲು ತೆರೆದದ್ದು ಅವನ ಹೆಂಡತಿ ಮೀನಾ. ಇವರು ಯಾರೆಂದು ಅವಳಿಗೆ ಹೇಳಬೇಕಾಗಲಿಲ್ಲ, ಮುಖದಲ್ಲೇ ಗಂಡನ ಮುಖ ಕಂಡಿತೋ ಏನೋ. “ಬರ್ರಿ ಅಕ್ಕಾರ, ಒಳಗ ಬರ್ರಿ,” ಎಂದು ಕಾಲಿಗೆ ನೀರು ಕೊಟ್ಟಳು. ಒಳಗಿನ ಖೋಲಿಯಲ್ಲಿ ಮಗ್ಗದ ಸಪ್ಪಳ ನಿಂತಿತು. ಹೊರಗೆ ಬಂದವನು ಸುಭಾಸ. ತಲೆ ಬೆಳ್ಳಗಾಗಿತ್ತು, ಬೆನ್ನು ತುಸು ಬಾಗಿತ್ತು. ನೆಟ್ಟಗೆ ನೋಡಿದರೆ ಅಪ್ಪನೇ.

“ಬಾ ಅಕ್ಕಾ,” ಎಂದ. ಹೋದ ವಾರ ಬಂದು ಹೋದವಳನ್ನು ಕರೆದಂತೆ ಕರೆದ. “ಉಂಡೀ?”

“ಇಲ್ಲ. ಕಟಗೊಂಡು ಬಂದೇನಿ.”

ಜಮಖಾನೆಯ ಮೇಲೆ ಕೂತರು. ಬಸ್ಸಿನಲ್ಲಿ ಜಾಗ ಸಿಕ್ಕಿತೇ ಎಂದು ಅವನು ಕೇಳಿದ. ನೂಲಿನ ರೇಟು ಹೇಗಿದೆ ಎಂದು ಇವಳು ಕೇಳಿದಳು. ಮಗಳನ್ನು ಗೋಕಾಕಕ್ಕೆ ಕೊಟ್ಟಿದ್ದೇವೆಂದು ಮೀನಾ ಫೋಟೋ ತೋರಿಸಿದಳು. ಸಾವಿತ್ರೆವ್ವ ನೋಡಿ ಚೆಂದ ಇದ್ದಾಳೆ ಎಂದಳು. ಆಮೇಲೆ ಚೀಲದೊಳಗಿನ ಚೀಲದಿಂದ ಹಾಳೆ ತೆಗೆದಳು. ಮೋಡಿ ಓದಲು ಬಾರದಿದ್ದರೂ ಪಾಠವಾಗಿತ್ತು. ಕೇಳಲಾಗಿ ಹೇಳಲಿಲ್ಲ, ಮೂರು ದಿವಸ ಕೂಡಿಸಿ ಕೇಳಲಾಗಿ ಹೇಳಲಿಲ್ಲ. ಕುಂಪಣಿ ಕಾರಕೂನನ ಮಾತು, ಕಲ್ಲು, ಸೋಮವಾರ, ಪರದೆ, ಎಲ್ಲ ಒಂದಾದ ಮೇಲೊಂದು ಹೇಳಿದಳು. “ನೀ ಹೇಳಿದ್ದ ಖರೆ ಆತು ತಮ್ಮಾ. ನಾ ಅಂದದ್ದು ತಪ್ಪಾತು. ಊರಿಗೆ ಬಾ. ನಿನ್ನ ಕರಕೊಂಡು ಹೋಗಾಕ ಬಂದೇನಿ.”

ಸುಭಾಸ ಹಾಳೆ ತೆಗೆದುಕೊಂಡು ಕಣ್ಣಿಗೆ ಹತ್ತಿರ ಹಿಡಿದ. ಮೋಡಿಯ ಸುರುಳಿ ಸುರುಳಿ ಅಕ್ಷರ ಅವನಿಗೂ ಬಾರದು. ಬಹಳ ಹೊತ್ತು ನೋಡಿ ಮಡಚಿದ, ಮೊದಲಿದ್ದ ಮಡಿಕೆಯ ಮೇಲೇ ಜೋಪಾನವಾಗಿ ಮಡಚಿ ಅಕ್ಕನ ಮುಂದಿಟ್ಟ.

“ಒಂದು ಮಾತು ಕೇಳಲ್ಯಾ?” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. “ಬಾಳಪ್ಪಜ್ಜ ಖರೇನ ಹಗೇವು ತೋರಿಸಿದ್ದಾ ಅಂತ ಇದರಾಗ ಇದ್ದಿದ್ರ, ನೀ ಬರ್ತಿದ್ಯಾ?”

ಸಾವಿತ್ರೆವ್ವ ಬಾಯಿ ತೆರೆದಳು. ಬರುತ್ತಿದ್ದೆ ಎನ್ನುವುದು ಎಷ್ಟೊತ್ತಿನ ಮಾತು? ಮೀನಾ ಕೂಡ ಕಣ್ಣಿನಲ್ಲೇ ಅನ್ರಿ, ಅನ್ರಿ ಎನ್ನುತ್ತಿದ್ದಳು. ಸಾವಿತ್ರೆವ್ವ ಮೂವತ್ತೊಂದು ವರ್ಷವನ್ನು ತನಗೆ ತಾನೇ ಒಂದೊಂದಾಗಿ ತೋರಿಸಿಕೊಂಡಳು. ಬೈಲಹೊಂಗಲದಿಂದ ರಾಮದುರ್ಗಕ್ಕೆ ದಿನಾ ಬಸ್ಸಿತ್ತು.

“ಇಲ್ಲಪಾ,” ಎಂದಳು. “ಬರ್ತಿರಲಿಲ್ಲ.”

ಸುಭಾಸ ತಲೆಯಾಡಿಸಿದ. “ನನಗ ಬಾಳಪ್ಪಜ್ಜ ಒಳ್ಳ್ಯಾಂವ ಆಗೂದು ಬೇಕಾಗಿರಲಿಲ್ಲ ಅಕ್ಕಾ. ಅಂವ ಎಂದೋ ಸತ್ತಾಂವ. ಏನರ ಮಾಡಿರಲಿ. ನಾ ನಿನ್ನ ತಮ್ಮ ಇದ್ದೆ.”

ಮೀನಾ ಮುಖಕ್ಕೆ ಸೆರಗು ಹಿಡಿದು ಒಳಗೆ ಹೋದಳು. ಸಾವಿತ್ರೆವ್ವ ಈಗಲಾದರೂ ಅಳು ಬರಬಹುದು ಎಂದು ಕಾದಳು. ಬರಲಿಲ್ಲ. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ತಪ್ಪಾಯಿತು ಎಂದು ಬಸ್ಸಿನಲ್ಲಿ ಹತ್ತು ಸಲ ಆಡಿಕೊಂಡ ಮಾತು ಬೇರೆಯೇ ತಪ್ಪಿನದಾಗಿತ್ತು. ಯಾವ ದಫ್ತರದಲ್ಲಿ ಹುಡುಕಿದರೂ ಈ ತಪ್ಪಿಗೊಂದು ಕಾಗದ ಸಿಗುವುದಿಲ್ಲ ಎಂದು ಅವಳಿಗೆ ತಿಳಿಯಿತು.

ಮೂವರೂ ಉಂಡರು. ಸಂಜೆಯ ಬಸ್ಸಿಗೆ ಸುಭಾಸ ಖಾಲಿ ಡಬ್ಬಿಯ ಚೀಲ ಹಿಡಿದುಕೊಂಡು ಸ್ಟ್ಯಾಂಡಿನವರೆಗೆ ಬಂದ. ಪರದೆ ಯಾರು ಬೇಕಾದರೂ ಸರಿಸಲಿ, ತಾನು ಬರುವುದಿಲ್ಲ ಎಂದು ಗೌಡರಿಗೆ ಹೇಳಲು ತಿಳಿಸಿದ. ಅವಳು ಆಗಲಿ ಎಂದಳು. ಬಸ್ಸು ಬಂತು. ಅವಳು ಹತ್ತಿ ಕಿಟಕಿಯ ಹತ್ತಿರ ಕೂತ ಮೇಲೆ ಅವನು ಕೆಳಗಿನಿಂದ ಚೀಲ ಎತ್ತಿ ಕೊಟ್ಟ.

“ಅಕ್ಕಾ.”

“ಹಾಂ.”

“ಮತ್ತ ಬರೂದಿದ್ರ ಸುಮ್ಮನ ಬಾ. ಕಾಗದ ಗೀಗದ ಏನೂ ತರಬ್ಯಾಡ.”

“ಹೂಂ,” ಎಂದಳು ಸಾವಿತ್ರೆವ್ವ. ಬಸ್ಸು ಹೊರಟಿತು.